ಕೋಗಿಲೆ ಇಡದ ಮೊಟ್ಟೆ

ಕಾಗೆಯ ಗೂಡಿನಲ್ಲಿ ಕೋಗಿಲೆ ಕದ್ದು ಮೊಟ್ಟೆ ಇಡುತ್ತದೆ ಎಂದು ನಮಗೆಲ್ಲ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ಆದರೆ ತಿಂಗಳು ತಿಂಗಳು ಸಂಬಳ ಕೊಟ್ಟು ಒಬ್ಬ ಹೆಂಗಸನ್ನು ಕೋಗಿಲೆಯ ಕೆಲಸಕ್ಕೆ ಇಟ್ಟುಕೊಂಡಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಇಟ್ಟುಕೊಂಡಿದ್ದರು ಸ್ವಾಮಿ, ಬಂಗಾರಪೇಟೆಯ ಹೊರಗೆ, ಕೆರೆ ಏರಿ ದಾಟಿದರೆ ಸಿಗುವ ಛತ್ರಿ ಕೇಂದ್ರದಲ್ಲಿ. ಆ ಕೋಗಿಲೆಯ ಹೆಸರು ವಾರಿಜಾ.

ಛತ್ರಿ ಎಂದರೆ ಮಳೆಗೆ ಹಿಡಿಯುವ ಛತ್ರಿಯಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ಹಾರುವ ಹದ್ದನ್ನು ಹುಡುಕುತ್ತೇವಲ್ಲ, ಅದೇ ಉಪಾಯ. ನಮ್ಮ ಅಕ್ಕಪಕ್ಕದ ನಕ್ಷತ್ರಗಳ ಸುತ್ತ ಭೂಮಿಯಂಥ ಗ್ರಹ ಇದೆಯೇ ಎಂದು ನೇರವಾಗಿ ಫೋಟೋ ತೆಗೆದು ನೋಡಬೇಕು. ಆದರೆ ಗ್ರಹದ ಬೆಳಕಿಗಿಂತ ನಕ್ಷತ್ರದ ಬೆಳಕು ಸಾವಿರ ಕೋಟಿ ಪಾಲು ಹೆಚ್ಚು. ಕಣ್ಣು ಕುಕ್ಕುತ್ತದೆ, ಬೇರೇನೂ ಕಾಣುವುದಿಲ್ಲ. ಅದಕ್ಕೆ ದೂರದರ್ಶಕವನ್ನು ಬಾಹ್ಯಾಕಾಶದಲ್ಲಿ ಒಂದು ಕಡೆ ಬಿಟ್ಟು, ಅದರಿಂದ ಎಷ್ಟೋ ಸಾವಿರ ಮೈಲಿ ಮುಂದೆ, ಆಟದ ಮೈದಾನದಷ್ಟು ಅಗಲದ, ಸೂರ್ಯಕಾಂತಿಯ ಎಸಳಿನಂಥ ಅಂಚಿರುವ ಛತ್ರಿಯೊಂದನ್ನು ತೇಲಿಬಿಟ್ಟಿದ್ದರು. ಅದು ನಕ್ಷತ್ರಕ್ಕೆ ಅಡ್ಡ ಬಂದು ನಿಂತರೆ ಪಕ್ಕದಲ್ಲಿ ಅಡಗಿರುವ ಪುಟ್ಟ ಚುಕ್ಕೆ ಕಾಣುತ್ತದೆ. ಇದ್ದರೆ ಕಾಣುತ್ತದೆ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಸರಿದಾಗಲೆಲ್ಲ ಛತ್ರಿಯ ಇಂಧನ ಖರ್ಚಾಗುತ್ತದೆ, ಮೇಲೆ ತುಂಬಿಸಿಕೊಳ್ಳಲು ಪೆಟ್ರೋಲ್ ಬಂಕ್ ಇಲ್ಲ.

ಇದರಲ್ಲಿ ಕೋಗಿಲೆಗೇನು ಕೆಲಸ? ಮೇಲಿನಿಂದ ಬರುವ ಚಿತ್ರಗಳಲ್ಲಿ ಧೂಳು, ಚೆಲ್ಲಿದ ಬೆಳಕು, ಯಂತ್ರದ ಗದ್ದಲ ಎಲ್ಲ ಕಲಸಿ ಕಲಗಚ್ಚಿನ ಹಾಗಿರುತ್ತದೆ. ಅದರಲ್ಲಿ ಗ್ರಹ ಹುಡುಕುವವರದು ಆಸೆಯ ಕಣ್ಣು. ಇಲ್ಲದ್ದನ್ನು ಕಂಡೆವು ಅನ್ನುತ್ತಾರೆ, ಇರುವುದನ್ನು ಬಿಟ್ಟುಬಿಡುತ್ತಾರೆ. ಅದಕ್ಕೇ ಚಿತ್ರಗಳು ಅವರ ಕೈಗೆ ಹೋಗುವ ಮೊದಲು ಒಬ್ಬರು, ಒಬ್ಬರೇ ಒಬ್ಬರು, ಅಲ್ಲಲ್ಲಿ ಹುಸಿ ಗ್ರಹಗಳನ್ನು ತಯಾರಿಸಿ ಕದ್ದು ಸೇರಿಸಿಡುತ್ತಿದ್ದರು. ಕೇಂದ್ರದಲ್ಲಿ ಅದಕ್ಕೆ ಕೋಗಿಲೆಮೊಟ್ಟೆ ಎಂದೇ ಹೆಸರು. ಮೊಟ್ಟೆ ಕಂಡುಹಿಡಿದವರ ಕಣ್ಣು ಚುರುಕು ಎಂದರ್ಥ. ಚುಕ್ಕೆ ಸಿಕ್ಕವರು ಕುಣಿದಾಡುವ ಮೊದಲು ಓಡಿ ಬರಬೇಕಾದದ್ದು ವಾರಿಜಾಳ ಕೋಣೆಗೆ.

"ಮೇಡಂ, ಇದು ನಿಮ್ಮದಾ?"

"ನನ್ನದೇ ಕಣಪ್ಪಾ."

ಪಾಪ, ಜೋಲು ಮುಖ ಹಾಕಿಕೊಂಡು ವಾಪಸ್ಸು ಹೋಗುತ್ತಿದ್ದರು. ಆಮೇಲೆ ಮೊಟ್ಟೆ ತೆಗೆದ ಶುದ್ಧ ಚಿತ್ರವನ್ನು ವಾರಿಜಾ ಕಳಿಸಿಕೊಡುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳ ಬಾಯಿಂದ "ನನ್ನದಲ್ಲ" ಎಂಬ ಮಾತು ಒಮ್ಮೆಯೂ ಬರುವ ಪ್ರಸಂಗ ಬಂದಿರಲಿಲ್ಲ. ಅವಳ ಮಾತಿಗೆ ಎದುರು ಮಾತೂ ಇರಲಿಲ್ಲ.

ಗೌರವದ ಕೆಲಸವೇ. ಆದರೆ ಅದಕ್ಕೊಂದು ಕಟ್ಟಳೆ ಇತ್ತು: ಮೊಟ್ಟೆ ಇಡುವವಳು ಬೇಟೆಗೆ ಇಳಿಯುವಂತಿಲ್ಲ. ಯಾವ ಗ್ರಹದ ಪಕ್ಕದಲ್ಲೂ ಅವಳ ಹೆಸರು ಬರುವಂತಿಲ್ಲ. ಚಿಕ್ಕ ವಯಸ್ಸಿನಲ್ಲಿ ಒಪ್ಪಿಕೊಂಡುಬಿಟ್ಟಿದ್ದಳು, ನಲವತ್ತೈದು ದಾಟಿದ ಮೇಲೆ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಗಿತ್ತು. ನಿರ್ದೇಶಕ ಗುರುಲಿಂಗಯ್ಯನವರು ಒಳ್ಳೆಯವರು, ಸಮಾಧಾನಕ್ಕೆ ಒಂದು ಮಾತು ಕೊಟ್ಟಿದ್ದರು. "ಕೊನೇ ನಕ್ಷತ್ರಕ್ಕೆ ಮೊಟ್ಟೆ ಬೇಡಮ್ಮಾ. ಅದನ್ನ ನೀವೇ ಹುಡುಕಿ, ಸಿಕ್ಕಿದ್ದು ನಿಮ್ಮದು." ಅಂದಿನಿಂದ ವಾರಿಜಾ ಪಟ್ಟಿಯ ಕೊನೆಯಲ್ಲಿದ್ದ, ಮಯೂರ ಪುಂಜದ ಡೆಲ್ಟಾ ಪಾವೊನಿಸ್ ಎಂಬ ನಕ್ಷತ್ರದ ಮೇಲೆ ಕಣ್ಣಿಟ್ಟು ಕೂತಿದ್ದಳು. ಎಲ್ಲರೂ ಅದನ್ನು ವಾರಿಜಾಳ ನವಿಲು ಅನ್ನುತ್ತಿದ್ದರು.

ಇನ್ನು ಇಂಚರ. ಅವಳು ವಾರಿಜಾಳ ಓರಗಿತ್ತಿ, ಮೈದುನ ಹರಿನಾಥನ ಹೆಂಡತಿ. ಆ ಹುಡುಗಿಯನ್ನು ತಂದವರು ಯಾರು ಅನ್ನುತ್ತೀರಿ? ವಾರಿಜಾಳೇ! ಕೇಂದ್ರಕ್ಕೆ ಕಲಿಯಲು ಬಂದಿದ್ದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗದ್ದಲದಲ್ಲಿ ಚುಕ್ಕೆ ಹೆಕ್ಕುವುದನ್ನು ಅಕ್ಷರಾಭ್ಯಾಸದ ಹಾಗೆ ಕೈ ಹಿಡಿದು ತಿದ್ದಿಸಿದ್ದಳು. ಇಂಥ ಚಿನ್ನದಂಥ ಹುಡುಗಿ ಬೇರೆ ಮನೆಗೆ ಹೋಗುವುದು ಯಾಕೆ ಎಂದು ಅತ್ತೆಗೆ ಹೇಳಿ ಮದುವೆಯನ್ನೂ ತಾನೇ ಕುದುರಿಸಿದ್ದಳು. ಈಗ ಮೇಲಿನ ಮನೆಯಲ್ಲಿ ಅವಳು, ಕೆಳಗಿನ ಮನೆಯಲ್ಲಿ ಇವಳು, ಅಡುಗೆಮನೆ ಒಂದೇ. ಅತ್ತೆ ಮುನಿಲಕ್ಷ್ಮಮ್ಮನ ಬಾಯಲ್ಲಿ ಬೆಳಗಾದರೆ "ಇಂಚರಾ", ಬೈಗಾದರೆ "ಇಂಚರಾ". ವಾರಿಜಾಳ ಹೆಸರು ಬರುತ್ತಿದ್ದದ್ದು ಗ್ಯಾಸ್ ಮುಗಿದಾಗ.

ಛತ್ರಿ ಟೌ ಸೆಟಿ ಎಂಬ ನಕ್ಷತ್ರಕ್ಕೆ ಅಡ್ಡ ನಿಂತಿದ್ದ ದಿನಗಳು. ಡಿಸೆಂಬರಿನ ಒಂದು ಬೆಳಿಗ್ಗೆ ಇಂಚರ ಬಾಗಿಲು ತಟ್ಟುವುದನ್ನೂ ಮರೆತು ವಾರಿಜಾಳ ಕೋಣೆಗೆ ನುಗ್ಗಿದಳು.

"ಅಕ್ಕಾ, ಟೌ ಸೆಟಿ! ಇಲ್ಲಿ ನೋಡಿ, ಈ ಮೂಲೇಲಿ. ಹಿಂದಿನ ತಿಂಗಳ ಚಿತ್ರದಲ್ಲೂ ಇದೆ, ಒಂಚೂರು ಸರಿದಿದೆ. ಅದರ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ ನೋಡಿದೆ, ನೀರಾವಿಯ ಗೆರೆ ಸಿಕ್ತು. ಆಮ್ಲಜನಕದ ಗೆರೇನೂ ಇರೋ ಹಾಗಿದೆ. ದಮ್ಮಯ್ಯ, ಸತ್ಯ ಹೇಳಿಬಿಡಿ, ನಿಮ್ಮದಾ?"

ವಾರಿಜಾ ಪರದೆ ನೋಡಿದಳು. ಚುಕ್ಕೆ ಇತ್ತು. ಟೌ ಸೆಟಿಯ ಚಿತ್ರಗಳಲ್ಲಿ ಅವಳು ಮೊಟ್ಟೆಯನ್ನೇ ಇಟ್ಟಿರಲಿಲ್ಲ. ಅಂದರೆ ಹನ್ನೆರಡು ಜ್ಯೋತಿರ್ವರ್ಷ ಆಚೆ ನೀರಿರುವ, ಉಸಿರಿರುವ ಒಂದು ಲೋಕ ನಿಜವಾಗಿ ಇತ್ತು. ಮನುಷ್ಯ ಕಣ್ಣಾರೆ ಕಂಡ ಮೊದಲನೆಯದು. ಇದು ಭೂಮಿಯ ಮೇಲೆ ಆಗ ಗೊತ್ತಿದ್ದದ್ದು ವಾರಿಜಾ ಒಬ್ಬಳಿಗೆ.

ಸಂತೋಷ ಆಗಬೇಕಿತ್ತು, ಅಲ್ಲವೇ? ಅವಳಿಗೆ ಕಂಡದ್ದು ಚುಕ್ಕೆಯಲ್ಲ. ಚಿತ್ರದ ಕೆಳಗೆ 'ಶೋಧ: ಇಂಚರ' ಎಂದು ಬರೆದಿದ್ದ ಎರಡು ಪದ. ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು.

"ಈ ಸಲ ತುಂಬಾ ಕಡೆ ಇಟ್ಟಿದ್ದೀನಿ ಕಣೇ. ನೋಡಿ ಹೇಳ್ತೀನಿ, ನಾಳೆ ತನಕ ಸುಮ್ಮನಿರು" ಎಂದಳು.

ಸುಮ್ಮನಿರುವುದೆಲ್ಲಿ ಬಂತು! ಸಂಜೆಗೆ ಕೇಂದ್ರದ ಕ್ಯಾಂಟೀನಿನಿಂದ ಹಿಡಿದು ಮನೆಯ ಅಡುಗೆಮನೆಯವರೆಗೆ ಸುದ್ದಿ ತಲುಪಿತ್ತು. ನಿರ್ದೇಶಕರು ಆಗಲೇ ಲೆಕ್ಕ ಹಾಕಿದ್ದರು. ಛತ್ರಿಯಲ್ಲಿ ಉಳಿದಿದ್ದ ಇಂಧನ ಎರಡರಲ್ಲಿ ಒಂದು ಕೆಲಸಕ್ಕೆ ಮಾತ್ರ. ಒಂದೋ ಟೌ ಸೆಟಿಯ ಮುಂದೆಯೇ ನಿಂತು ಆ ಗ್ರಹ ಸುತ್ತುವುದನ್ನು ಕೊನೆಯವರೆಗೂ ನೋಡಬೇಕು, ಇಲ್ಲವೇ ಅಲ್ಲಿಂದ ಎದ್ದು ವಾರಿಜಾಳ ನವಿಲಿಗೆ ಹೋಗಬೇಕು. "ಇಂಚರ ಕಂಡಿದ್ದು ನಿಜವಾಗಿದ್ರೆ ನವಿಲು ಬಿಡಬೇಕಾಗುತ್ತೆ ವಾರಿಜಾ. ನಿಮಗೆ ಬೇಜಾರಿಲ್ಲ ತಾನೇ?" ಎಂದು ಕೇಳಿದ್ದರು. ಅವಳು ನಕ್ಕಿದ್ದಳು. ನಗದೆ ಏನು ಮಾಡುತ್ತಾಳೆ?

ಮನೆಯಲ್ಲಿ ಮುನಿಲಕ್ಷ್ಮಮ್ಮ ಕಿರಿಸೊಸೆಗೆ ದೃಷ್ಟಿ ತೆಗೆಯುತ್ತಿದ್ದಳು.

"ಹನ್ನೆರಡು ಜ್ಯೋತಿರ್ವರ್ಷ ಅಂದ್ರೆ ಎಷ್ಟು ದೂರ ಕಣೇ?"

"ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರೋಕೆ ಹನ್ನೆರಡು ವರ್ಷ ಬೇಕು ಅತ್ತೆ."

"ಸದ್ಯ, ಹತ್ತಿರದಲ್ಲೇ ಇದೆ ಬಿಡು. ಅದಕ್ಕೆ ನಿನ್ನ ಹೆಸರೇ ಇಡ್ತಾರಂತಾ?"

"ಅತ್ತೆ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡಿ" ಎಂದು ವಾರಿಜಾ ಪಾತ್ರೆಯನ್ನು ಠಣ್ಣನೆ ಕುಕ್ಕಿದಳು. "ಅದು ನಾನಿಟ್ಟ ಮೊಟ್ಟೆಯೋ ಏನೋ, ಇನ್ನೂ ನೋಡಿಲ್ಲ."

"ನಿನ್ನ ಬಾಯಲ್ಲಿ ಒಂದು ಒಳ್ಳೇ ಮಾತು ಬರಲ್ವೇನೇ?" ಎಂದಳು ಅತ್ತೆ.

ಗಂಡ ವಿಶ್ವನಾಥ ಟೀವಿಯಿಂದ ತಲೆ ತಿರುಗಿಸಿ, "ನಿನ್ನ ಶಿಷ್ಯೆ ಅಲ್ವಾ, ನಿನಗೂ ಹೆಮ್ಮೆ ತಾನೇ" ಎಂದು ಉರಿಯುವ ಬೆಂಕಿಗೆ ತನ್ನ ಪಾಲಿನ ತುಪ್ಪ ಸುರಿದ. ಇಂಚರ ಮಾತ್ರ ಮೆಟ್ಟಿಲ ಹತ್ತಿರ ನಿಂತು ಮೆಲ್ಲಗೆ, "ಅಕ್ಕ, ನಿಜವಾಗಿದ್ರೆ ನಿಮ್ಮ ನವಿಲು ಹೋಗುತ್ತಲ್ವಾ. ನನಗೆ ಅದೊಂದೇ ಸಂಕಟ" ಎಂದಳು. ಅದಂತೂ ಗಾಯದ ಮೇಲೆ ಬರೆ. ಹಾಳಾದವಳು ಕೆಟ್ಟವಳಾಗಿದ್ದರೆ ದ್ವೇಷಿಸುವುದಾದರೂ ಸಲೀಸಾಗುತ್ತಿತ್ತು.

ಮರುದಿನ ವಾರಿಜಾ ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ಇಷ್ಟು ವರ್ಷ ಇಲ್ಲದ ಗ್ರಹ ಮಾಡಿದ ಕೈ ಅದು; ಇರುವ ಗ್ರಹ ಅಳಿಸಲು ಎಷ್ಟು ಹೊತ್ತು ಬೇಕು? ಮೂಲ ಚಿತ್ರಗಳು ಅವಳ ವಶದಲ್ಲೇ ಇದ್ದವು, ಬೇರೆಯವರು ಮುಟ್ಟುವಂತಿರಲಿಲ್ಲ. ಅವನ್ನು ಹಾಗೇ ಬಿಟ್ಟು, ನಕಲು ತೆಗೆದು, ಪ್ರತಿ ನಕಲಿನಲ್ಲೂ ಚುಕ್ಕೆಯ ಬೆಳಕನ್ನು ಕಳೆದಳು, ಕಳೆದ ಜಾಗದಲ್ಲಿ ಗುಳಿ ಬೀಳದಂತೆ ಅಕ್ಕಪಕ್ಕದ ಗದ್ದಲವನ್ನೇ ತಂದು ತುಂಬಿದಳು. ಹರಿದ ಸೀರೆಗೆ ಕಾಣದ ಹಾಗೆ ರಫು ಮಾಡುತ್ತಾರಲ್ಲ, ಅಷ್ಟು ನಾಜೂಕು. ಎಲ್ಲ ಮಾಡುವಾಗಲೂ ಆ ಚುಕ್ಕೆಯ ಕಡೆ ಅವಳು ಸರಿಯಾಗಿ ನೋಡಲಿಲ್ಲ, ಅಲ್ಲಿ ಏನಿದೆ ಎಂದು ಒಂದು ಕ್ಷಣ ಯೋಚಿಸಲಿಲ್ಲ. ಕಣ್ಣ ಮುಂದೆ ಕುಣಿಯುತ್ತಿದ್ದದ್ದು ಆ ಎರಡು ಪದ. ಊಟದ ಹೊತ್ತಿಗೆ, ಅವಳು ಕಳಿಸಿಕೊಟ್ಟ 'ಶುದ್ಧ ಚಿತ್ರ'ದಲ್ಲಿ ಟೌ ಸೆಟಿಯ ಸುತ್ತ ಏನೂ ಇರಲಿಲ್ಲ.

ಮಧ್ಯಾಹ್ನದ ಸಭೆಯಲ್ಲಿ ಗುರುಲಿಂಗಯ್ಯನವರು ಕನ್ನಡಕ ತೆಗೆದು ಅವಳ ಕಡೆ ತಿರುಗಿದರು.

"ನನ್ನದೇ ಸಾರ್" ಎಂದಳು ವಾರಿಜಾ.

ಇಂಚರಳ ಮುಖ ನೋಡಲು ಅವಳು ಕಾದಿದ್ದಳು, ಸುಳ್ಳು ಹೇಳುವುದು ಯಾಕೆ. ಆ ಮುಖ ಬಾಡಿತು. ಕಣ್ಣು ತುಂಬಿತು. ವಾರಿಜಾಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆದರೆ ಅದು ಎಷ್ಟು ಹೊತ್ತು? ಇಂಚರ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. "ಅಬ್ಬಾ, ಏನ್ ಕೈ ಅಕ್ಕ ನಿಮ್ಮದು! ನಾನು ಪೂರ್ತಿ ನಂಬಿಬಿಟ್ಟಿದ್ದೆ" ಎಂದು ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ನಿರ್ದೇಶಕರು, "ನೋಡ್ರಪ್ಪಾ, ಸೋಲನ್ನ ಹೇಗೆ ತಗೋಬೇಕು ಅಂತ ಈ ಹುಡುಗೀನ ನೋಡಿ ಕಲೀರಿ" ಎಂದರು. ಅಂದರೆ ಗೆದ್ದರೂ ಇಂಚರ, ಸೋತರೂ ಇಂಚರ. ವಾರಿಜಾಗೆ ಆ ಚಪ್ಪಾಳೆಯ ಸದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು.

ಮನೆಯಲ್ಲೂ ಅದೇ ಕಥೆ. ಕಿರಿಸೊಸೆಗೆ ಬೇಜಾರಾಗಿದೆ ಎಂದು ಅತ್ತೆ ಕಡಲೆಬೇಳೆ ಒಬ್ಬಟ್ಟು ತಟ್ಟಿದಳು, ತುಪ್ಪ ಸುರಿದು ಎದುರಿಗೆ ಕೂತು ತಿನ್ನಿಸಿದಳು. "ಅಲ್ಲಾ ವಾರಿಜಾ, ಮನೆಯವಳಿಗೇ ಇಂಥ ಮೋಸ ಮಾಡೋದಾ?" ಎಂದು ಕೇಳಿದಾಗ ವಾರಿಜಾಳ ಎದೆ ಧಸಕ್ಕೆಂದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅತ್ತೆ ಹೇಳಿದ್ದು ಮೊಟ್ಟೆಯ ಆಟವನ್ನು ಎಂದು ಅರ್ಥವಾಗಲು ತುಸು ಹೊತ್ತು ಬೇಕಾಯಿತು.

"ಅದು ಅಕ್ಕನ ಕೆಲಸ ಅತ್ತೆ, ಬೈಬೇಡಿ" ಎಂದಳು ಇಂಚರ, ಬಾಯಿ ತುಂಬ ಒಬ್ಬಟ್ಟು.

ಛತ್ರಿಯನ್ನು ನವಿಲಿನ ಕಡೆ ಸರಿಸಲು ಒಂದು ಭಾನುವಾರ ಗೊತ್ತಾಯಿತು. ಮಧ್ಯಾಹ್ನ ಇಂಜಿನ್ ಹೊತ್ತಿಸುವ ಆಜ್ಞೆ ಮೇಲೆ ಹೋಗಬೇಕು. ಒಮ್ಮೆ ಹೊರಟರೆ ಮುಗಿಯಿತು, ಹಿಂದಕ್ಕೆ ಬರುವಷ್ಟು ಇಂಧನವಿಲ್ಲ. ಟೌ ಸೆಟಿಯ ಮುಂದೆ ಅಡ್ಡ ನಿಲ್ಲಲು ಇನ್ನೊಂದು ಛತ್ರಿ ನಮ್ಮ ಕಾಲದಲ್ಲಿ ಯಾರೂ ಕಳಿಸುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಅಂದು ಬೆಳಿಗ್ಗೆ ಅತ್ತೆ ಹಿತಕಿದ ಬೇಳೆ ಸಾರಿಗೆ ಎಂದು ಅವರೆಕಾಳು ನೆನೆಹಾಕಿದ್ದಳು. ಕೋಲಾರದ ಸೀಮೆಯಲ್ಲಿ ಅವರೆ ಕಾಲ ಬಂದರೆ ಮನೆಯಲ್ಲಿ ಕೈ ಖಾಲಿ ಇರುವವರೆಲ್ಲ ಬೇಸಿನ್ ಸುತ್ತ ಕೂರಬೇಕು, ಒಂದೊಂದೇ ಕಾಳು ಹಿಡಿದು ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸಬೇಕು. ಊಟ ಮುಗಿಸಿಯೇ ಕೇಂದ್ರಕ್ಕೆ ಹೋಗುವುದೆಂದು ಓರಗಿತ್ತಿಯರಿಬ್ಬರೂ ಕೂತಿದ್ದರು. ವಾರಿಜಾ ಅಂದು ಹೊಸ ಸೀರೆ ಉಟ್ಟಿದ್ದಳು. ಬೆಳಗಿನಿಂದ ಅವಳು ಹಾಡು ಗುನುಗುತ್ತಿದ್ದದ್ದನ್ನು ಗಂಡ ಕೂಡ ಗಮನಿಸಿದ್ದ.

"ಅಕ್ಕಾ, ಒಂದು ಕೇಳ್ಲಾ? ನಗಬಾರದು" ಎಂದಳು ಇಂಚರ, ಕಾಳು ಹಿತುಕುತ್ತ.

"ಕೇಳು."

"ನಿಮ್ಮ ಆ ಟೌ ಸೆಟಿ ಮೊಟ್ಟೆ ಇದೆಯಲ್ಲ, ಅದನ್ನ ನಾನು ಅಳಿಸಿಲ್ಲ. ನನ್ನ ಹತ್ರ ಇದ್ದ ಚಿತ್ರಗಳನ್ನ ಇಟ್ಕೊಂಡು ದಿನಾ ನೋಡ್ತೀನಿ. ಇಷ್ಟು ಚೆನ್ನಾಗಿ ಹೇಗೆ ಮಾಡಿದಿರಿ ಅಂತ ಕಲಿಯೋಣ ಅಂತ. ಆದ್ರೆ ನೀವು ಇಷ್ಟು ಆಳಕ್ಕೆ ಹೋಗಿರ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ."

"ಏನು ಆಳ?"

ಇಂಚರ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಮೊಬೈಲ್ ತೆಗೆದಳು. "ನಾವೆಲ್ಲ ಚಿತ್ರಗಳನ್ನ ಒಟ್ಟು ಕೂಡಿಸಿ ನೋಡ್ತೀವಲ್ಲ? ನಾನು ಬಿಡಿಬಿಡಿಯಾಗಿ ನೋಡಿದೆ. ಚುಕ್ಕೆಯ ಬೆಳಕು ಒಂದೇ ಸಮ ಇಲ್ಲ. ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ತಾಳ ಹಾಕಿದ ಹಾಗೆ. ಒಂದು ಮಗ್ಗುಲಲ್ಲಿ ಕಡಲು, ಅದು ಮಂಕು. ಇನ್ನೊಂದು ಮಗ್ಗುಲಲ್ಲಿ ನೆಲವೋ ಮೋಡವೋ, ಅದು ಬೆಳ್ಳಗೆ. ಗಿರ್ರನೆ ತಿರುಗ್ತಿದೆ ಅಕ್ಕ! ನಮ್ಮ ದಿನಕ್ಕಿಂತ ಒಂಚೂರು ಉದ್ದ."

ವಾರಿಜಾ ಮೊಬೈಲ್ ಕಿತ್ತುಕೊಂಡಳು. ಪುಟ್ಟ ಪರದೆಯ ಮೇಲೆ ಗೆರೆ ಅಲೆಯಲೆಯಾಗಿ ಏರಿ ಇಳಿದಿತ್ತು. ಗದ್ದಲವಲ್ಲ, ಇಷ್ಟು ವರ್ಷ ಗದ್ದಲವನ್ನೇ ಅರೆದು ಕುಡಿದವಳಿಗೆ ಅದು ಗೊತ್ತಾಗದೆ ಇರುತ್ತದೆಯೇ? ಓರಗಿತ್ತಿ, ನವಿಲು, ಹೊಸ ಸೀರೆ ಎಲ್ಲ ಒಂದು ಕ್ಷಣ ಮರೆತೇ ಹೋಯಿತು.

"ಅಯ್ಯೋ ದೇವರೇ, ಅದಕ್ಕೆ ಹಗಲು ರಾತ್ರಿ ಇದೆಯೇನೇ?" ಎಂದು ಕೂಗಿಬಿಟ್ಟಳು.

ಮತ್ತೆ ಕಾಳಿಗೆ ಕೈ ಹಾಕಿದ್ದ ಇಂಚರ ತಲೆ ಎತ್ತಿದಳು. ಮೊದಲು ನಕ್ಕಳು, ಅಕ್ಕ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು. ಆಮೇಲೆ ವಾರಿಜಾಳ ಮುಖ ನೋಡಿದಳು. ನಗು ನಿಂತುಹೋಯಿತು.

"ನಿಮಗೆ ಗೊತ್ತಿರಲಿಲ್ವಾ ಅಕ್ಕ?"

ವಾರಿಜಾ ಮೊಬೈಲನ್ನು ನೆಲದ ಮೇಲೆ ಬೋರಲು ಇಟ್ಟಳು.

"ನೀವೇ ಮಾಡಿದ್ದಿದ್ರೆ ಗೊತ್ತಿರಬೇಕಿತ್ತಲ್ವಾ?" ಎಂದಳು ಇಂಚರ. "ಅದು ನಿಮ್ಮದಲ್ಲ. ಅಲ್ವಾ? ಅಕ್ಕ, ಅದು ನಿಮ್ಮದಲ್ಲ!"

ಅವಳು ಎದ್ದಳು. ಬೇಸಿನ್ ಮಗುಚಿ ಅವರೆಕಾಳು ನೆಲದ ತುಂಬ ಹರಡಿತು. ಗೋಡೆಯ ಮೊಳೆಯಿಂದ ಸ್ಕೂಟರಿನ ಕೀ ಎಳೆದುಕೊಂಡು ಹೊರಗೆ ಓಡಿದಳು. "ಎಲ್ಲಿಗೇ? ಬೇಳೆ ಬಿಟ್ಟು ಎಲ್ಲಿಗೆ ಹೊರಟೆ?" ಎಂದು ಮುನಿಲಕ್ಷ್ಮಮ್ಮ ಒಳಗಿನಿಂದ ಕೂಗುತ್ತಲೇ ಇದ್ದಳು.

ನಾಚಿಕೆ ಬಂತೇ ಎಂದು ಕೇಳುತ್ತೀರಿ. ಬಂತು, ಆದರೆ ಹಿಂದಿನಿಂದ ಬಂತು. ಅದಕ್ಕಿಂತ ಮುಂಚೆ ವಾರಿಜಾಳ ತಲೆಯೊಳಗೆ ಬಂದದ್ದು ಬೇರೆ. ಇವಳು ಈಗ ಹೋಗುತ್ತಾಳೆ, ಎಲ್ಲರ ಮುಂದೆ ನಿಂತು ಹೇಳುತ್ತಾಳೆ, ಲೋಕ ಕಂಡವಳೂ ಇವಳೇ, ಕಳ್ಳಿಯನ್ನು ಹಿಡಿದವಳೂ ಇವಳೇ. ಇದನ್ನೂ ಇವಳೇ ಮೊದಲು ಹೇಳುವುದೇ? ಸಾಧ್ಯವಿಲ್ಲ. ಈ ಒಂದನ್ನಾದರೂ ತಾನೇ ಹೇಳಬೇಕು.

"ನಿಲ್ಲೇ!" ಎಂದು ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದಳು. ಸ್ಕೂಟರ್ ಆಗಲೇ ಗೇಟಿನ ಹತ್ತಿರವಿತ್ತು. ಹಿಂದೆ ಹತ್ತಿ ಕೂತಳು. ಇಂಚರ ಇಳಿ ಅನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಕೆರೆ ಏರಿಯ ಉದ್ದಕ್ಕೂ ಮುಂದಿನವಳ ಬೆನ್ನು ಅಳುವಿಗೆ ಅದುರುತ್ತಿದ್ದದ್ದು ಹಿಂದಿನವಳಿಗೆ ತಿಳಿಯುತ್ತಿತ್ತು.

ಕೇಂದ್ರದ ಮುಂದೆ ಇಂಚರ ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದಂತೆ ವಾರಿಜಾ ಹಾರಿ ಇಳಿದು ಮೆಟ್ಟಿಲು ಹತ್ತಿದಳು. ಹಿಂದೆ ಕಾಲಿನ ಸದ್ದು ಕೇಳಿದ ಹಾಗೆಲ್ಲ ಜೋರಾಗಿ ಹತ್ತಿದಳು. ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಪರದೆಗಳ ಮುಂದೆ ಕೂತಿದ್ದರು. ಆಜ್ಞೆ ಸಿದ್ಧವಾಗಿತ್ತು, ಗುರುಲಿಂಗಯ್ಯನವರ ಒಪ್ಪಿಗೆಯೊಂದು ಬಾಕಿ. ಅವಳನ್ನು ಕಂಡು ಅವರ ಮುಖ ಅರಳಿತು. "ಬನ್ನಿ ವಾರಿಜಾ, ನಿಮಗೇ ಕಾಯ್ತಿದ್ದೆ. ಗುಂಡಿ ನೀವೇ ಒತ್ತಿ. ನಿಮ್ಮ ನವಿಲು ತಾನೇ!"

"ಛತ್ರಿ ಸರಿಸಬೇಡಿ ಸಾರ್" ಎಂದಳು ವಾರಿಜಾ, ಏದುಸಿರು ಬಿಡುತ್ತ. "ಟೌ ಸೆಟಿಯ ಆ ಮೊಟ್ಟೆ ನಾನಿಟ್ಟಿದ್ದಲ್ಲ."

"ಮತ್ತೆ ಯಾರಿಟ್ಟರು?"

"ಯಾರೂ ಇಟ್ಟಿಲ್ಲ ಸಾರ್. ಅದು ಅಲ್ಲೇ ಇದೆ."

ಯಾರೋ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು, ಇನ್ನಾರೋ "ಅಯ್ಯಯ್ಯೋ" ಎಂದರು. ಗುರುಲಿಂಗಯ್ಯನವರು ಆಜ್ಞೆಯನ್ನು ತಮ್ಮ ಕೈಯಿಂದಲೇ ರದ್ದು ಮಾಡಿ, ಅವಳ ಕಡೆ ತಿರುಗಿದರು. ಸಿಟ್ಟಿಗಿಂತ ಹೆಚ್ಚಾಗಿ ಅವರ ಮುಖದಲ್ಲಿದ್ದದ್ದು ಗಾಬರಿ.

"ಯಂತ್ರದ್ದೇನಾದರೂ ತಪ್ಪಾ? ಲೆಕ್ಕದಲ್ಲಿ ಎಡವಟ್ಟಾಯಿತಾ? ಹೇಳಮ್ಮಾ, ಯಾಕೆ ಹೀಗಾಯ್ತು?"

ಲೆಕ್ಕದ ಮೇಲೆ ಹಾಕಬಹುದಿತ್ತು. ಬಾಗಿಲಲ್ಲಿ ಇಂಚರ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು.

"ಹೊಟ್ಟೆಕಿಚ್ಚು ಸಾರ್" ಎಂದಳು. "ಬೇರೆ ಏನೂ ಇಲ್ಲ."

ಇನ್ನು ಮೇಲೆ ಈ ಕೋಣೆಯೊಳಗೆ ತನ್ನನ್ನು ಬಿಡುವುದಿಲ್ಲ, ನವಿಲೂ ಇಲ್ಲ, ಕೋಗಿಲೆಯ ಕೆಲಸವೂ ಇಲ್ಲ ಎಂದು ಹೇಳಿದ ಬಾಯಿಗೇ ತಿಳಿದಿತ್ತು. ಒಬ್ಬರಾದರೂ ಬೈದಾರು ಎಂದು ಕಾದಳು. ಯಾರೂ ಬೈಯಲಿಲ್ಲ. ಮೂಲ ಚಿತ್ರ ತೆರೆಯಲು ಅವಳಿಂದ ಪಾಸ್‌ವರ್ಡ್ ಕೇಳಿ, ದೊಡ್ಡ ಪರದೆಗೆ ಹಾಕಿದರು. ಟೌ ಸೆಟಿಯ ಕಪ್ಪು ಮರೆಯ ಪಕ್ಕದಲ್ಲಿ ಚುಕ್ಕೆ ತನ್ನ ಪಾಡಿಗೆ ತಾನು ಇತ್ತು. ಎಲ್ಲರೂ ಅದರ ಕಡೆಗೆ ತಿರುಗಿದರು. ವಾರಿಜಾ ಮಾತ್ರ ಇಂಚರಳ ಕಡೆ ತಿರುಗಿದಳು, ಕ್ಷಮಿಸು ಎಂದು ಕೇಳಬೇಕೆಂದು.

ಇಂಚರ ಅವಳನ್ನು ನೋಡುತ್ತಿರಲಿಲ್ಲ. ಬಾಗಿಲಿಗೆ ಒರಗಿ, ಅವರೆಯ ಸೊಗಡು ಹತ್ತಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಪರದೆಯ ಮೇಲಿನ ತನ್ನ ಲೋಕವನ್ನು ನೋಡುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ಬೆಳಗುತ್ತಿತ್ತು. ವಾರಿಜಾ ಎಂಬುವಳು ಆ ಕೋಣೆಯಲ್ಲಿದ್ದಾಳೆ ಎಂಬುದೇ ಆ ಕ್ಷಣ ಅವಳಿಗೆ ನೆನಪಿರಲಿಲ್ಲ.

ಕ್ಷಮಿಸು ಎಂದು ವಾರಿಜಾ ಕೇಳಲಿಲ್ಲ. ಆ ಮುಖ ನೋಡಿ ಅವಳಿಗೆ ಆಗಲೂ ಹೊಟ್ಟೆ ಉರಿಯಿತು.